ಸುಟ್ಟ ಬದನೆಕಾಯಿಯ ಭೂಗೋಳ

ಅವರ ಕೈಯಲ್ಲಿ ಸುಟ್ಟ ಬದನೆಕಾಯಿ ಇತ್ತು. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ. ಮಿಕ್ಕದ್ದರ ಬಗ್ಗೆ ಬೇಕಾದಷ್ಟು ಅನುಮಾನಗಳಿವೆ.

ಮೊನ್ನೆ ಮದ್ದೂರಿನ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, ಮಾತಿನ ನಡುವೆ, “ನಿಮ್ಗೆ ಗೊತ್ತಾಗ್ನಿಲ್ವಾ ಸಾ? ಬದ್ನೆಕಾಯ್ ಮೇಸ್ಟ್ರು ಓಗ್ಬುಟ್ರು” ಎಂದ. ತೀರಿಕೊಂಡು ಎಂಟು ತಿಂಗಳಾಗಿತ್ತಂತೆ. ಅಂದಿನಿಂದ ಅವರ ಬಗ್ಗೆ ಬರೆಯಲು ಕೂತರೆ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಅವರ ಜೊತೆ ಸೋಮನಹಳ್ಳಿಯಲ್ಲಿ ಇಳಿದು ನಡೆದ ದಿನ ಕಬ್ಬು ಹೂ ಬಿಟ್ಟು ಬೆಳ್ಳಗೆ ನಿಂತಿತ್ತು ಎಂದು ಕಣ್ಣಿಗೆ ಕಟ್ಟುತ್ತದೆ. ಅದೇ ದಿನ ರಸ್ತೆಯ ಟಾರು ಕರಗಿ ಚಪ್ಪಲಿಗೆ ಅಂಟುತ್ತಿತ್ತು ಎಂದೂ ನೆನಪು. ಕಬ್ಬು ಹೂ ಬಿಡುವುದು ಚಳಿಗಾಲದಲ್ಲಿ, ಟಾರು ಕರಗುವುದು ಬೇಸಿಗೆಯಲ್ಲಿ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ಹೇಳಲಾರೆ. ಆದರೆ ಆ ದಿನ ಕೇಳಿಸಿಕೊಂಡ ಮಾತುಗಳು ಸುಳ್ಳಲ್ಲ. ಅಂಥ ಮಾತನ್ನು ಕಟ್ಟುವ ಶಕ್ತಿ ನನ್ನ ಕಲ್ಪನೆಗಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ನಾಲ್ಕಾರು ಕಡೆ ಅರ್ಜಿ ಹಾಕಿ, ಉತ್ತರ ಬರುವ ತನಕ ಇರಲಿ ಎಂದು ಮದ್ದೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಒಂದು ಕಡೆ ಕೂರುವ ಜೀವ ನನ್ನದಲ್ಲ. ಬೆಳಿಗ್ಗೆ ಪಾಠ ಮಾಡುವಾಗ ಸಾಯಂಕಾಲದ ಮಂಡ್ಯ ರೈಲಿನ ಯೋಚನೆ. ಮಂಡ್ಯದ ಕೋಣೆಯಲ್ಲಿ ಮಲಗಿದ್ದಾಗ ಅಂಚೆಯವನ ಯೋಚನೆ.

ಅವರು ಭೂಗೋಳದ ಮೇಷ್ಟ್ರು. ಕಚ್ಚೆಪಂಚೆ, ಬೂದು ಬಣ್ಣದ ಕ್ಲೋಸ್ ಕೋಟು. ಡಸ್ಟರ್ ಮುಟ್ಟಿದವರಲ್ಲ. ಬೋರ್ಡನ್ನು ಅಂಗೈಯಲ್ಲೇ ಒರಸಿ, ಆ ಕೈಯನ್ನು ಸೊಂಟದ ಹಿಂದೆ ಕೋಟಿಗೆ ಒರಸುತ್ತಿದ್ದರು. ಸಂಜೆಯ ಹೊತ್ತಿಗೆ ಬೆನ್ನ ಮೇಲೆ ಐದು ಬೆರಳಿನ ಸೀಮೆಸುಣ್ಣದ ಗುರುತು ಮೂಡಿರುತ್ತಿತ್ತು. ಹಾಜರಿ ಪುಸ್ತಕ ತೆರೆಯದೆ ಹಾಜರಿ ಕೂಗುತ್ತಿದ್ದರು. ಆ ವರ್ಷದ್ದಷ್ಟೇ ಅಲ್ಲ. ಹತ್ತು ವರ್ಷದ ಹಿಂದಿನ ಒಂಬತ್ತನೇ ಕ್ಲಾಸಿನ ಹಾಜರಿಯನ್ನೂ ನಂಬರು ತಪ್ಪದೆ ಹೇಳುತ್ತಿದ್ದರು. ಪ್ರಪಂಚದ ಭೂಪಟವನ್ನು ಮಕ್ಕಳ ಕಡೆ ತಿರುಗಿಕೊಂಡೇ, ಬೋರ್ಡಿನ ಕಡೆ ನೋಡದೆ, ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದರು. ಆಫ್ರಿಕದ ಹೊಟ್ಟೆ, ದಕ್ಷಿಣ ಅಮೆರಿಕದ ಮೂತಿ, ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು.

ಇನ್ನು ಬದನೆಕಾಯಿ. ಪರ್ವತಗಳ ಪಾಠದ ದಿನ ಅವರು ಶಾಲೆಯೆದುರಿನ ಇಸ್ತ್ರಿಯವನ ಕೆಂಡದಲ್ಲಿ ಒಂದು ಗುಂಡು ಬದನೆಕಾಯಿ ಸುಟ್ಟುಕೊಂಡು, ಬಿಸಿ ಇರುವಾಗಲೇ ಕೈಯಿಂದ ಕೈಗೆ ಹಾರಿಸುತ್ತ ಕ್ಲಾಸಿಗೆ ಓಡಿಬರುತ್ತಿದ್ದರು. “ನೋಡ್ರಪ್ಪಾ, ಭೂಮಿ ಮೊದಲು ಹೀಗೆ ಬಿಸಿಯಾಗಿ ಉಬ್ಬಿಕೊಂಡಿತ್ತು. ಆರಿತು. ಒಳಗಿನದು ಕುಗ್ಗಿತು, ಸಿಪ್ಪೆ ಸುಕ್ಕಾಯಿತು. ಈ ಸುಕ್ಕೇ ಹಿಮಾಲಯ. ಮುಟ್ಟಿ ನೋಡಿ.” ಮಕ್ಕಳು ಸಾಲಾಗಿ ಬಂದು ಹಿಮಾಲಯ ಮುಟ್ಟುತ್ತಿದ್ದರು. ಮಂಡ್ಯ, ಮಳವಳ್ಳಿ, ಮದ್ದೂರು ಮೂರೂ ಕಡೆ ಅವರ ಹೆಸರು ಗೊತ್ತಿಲ್ಲದವರಿಗೂ ಬದನೆಕಾಯಿ ಮೇಷ್ಟ್ರು ಗೊತ್ತಿತ್ತು.

ಅದನ್ನು ಕೆಡಿಸಿದವನು ನಾನು.

ಬದನೆಕಾಯಿಯ ಮಾರನೆಯ ದಿನ ನನ್ನ ಕ್ಲಾಸಿನಲ್ಲಿ, ಅದು ಹಳೆಯ ಕಾಲದ ಮಾತು ಎಂದೆ. ಭೂಮಿಯ ಹೊರಪದರ ಒಂದೇ ಸಿಪ್ಪೆಯಲ್ಲ. ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಅವು ಚಲಿಸುತ್ತವೆ. ನಮ್ಮ ಕಾಲ ಕೆಳಗಿನ ಮುನ್ನೂರು ಕೋಟಿ ವರ್ಷದ ಕಲ್ಲು ಒಂದು ಕಾಲಕ್ಕೆ ಆಫ್ರಿಕಕ್ಕೆ ಅಂಟಿಕೊಂಡಿತ್ತು; ಅಲ್ಲಿಂದ ಕಳಚಿ, ಉತ್ತರಕ್ಕೆ ಬಂದು, ಏಷ್ಯಕ್ಕೆ ಗುದ್ದಿತು. ಹಿಮಾಲಯ ಆ ಗುದ್ದಿನ ಫಲ. ಇನ್ನೂ ತಳ್ಳುತ್ತಲೇ ಇದೆ. ಇಷ್ಟು ಹೇಳಿ ನಾನು ನಕ್ಕೆನೋ ಇಲ್ಲವೋ, ಅದನ್ನೇ ಈಗ ಯೋಚಿಸುತ್ತಿದ್ದೇನೆ. ಮಕ್ಕಳು ನಕ್ಕದ್ದು ಖಂಡಿತ. ನಾನು ನಗದೆ ಅವರು ನಗುತ್ತಿರಲಿಲ್ಲ.

ಮಧ್ಯಾಹ್ನ ಅವರು ಸ್ಟಾಫ್ ರೂಮಿಗೆ ಬಂದು ನನ್ನೆದುರು ನಿಂತರು. “ಏನ್ರೀ ಎಂಎಸ್ಸಿ, ನನ್ನ ಬದನೆಕಾಯಿ ಸುಳ್ಳಂತೆ?”

ಜಗಳಕ್ಕೆ ಸಿದ್ಧನಾಗಿ, “ನಾನು ಹೇಳೋದಲ್ಲ ಸಾರ್, ಈಗ ಪ್ರಪಂಚವೇ ಹಾಗೆ ಹೇಳ್ತಿದೆ” ಎಂದೆ.

“ಪ್ರಪಂಚ ನನ್ನ ಹತ್ತಿರ ಬರಲ್ಲವಲ್ಲ. ನಿಮ್ಮ ಹತ್ತಿರ ಏನಿದೆ ಕೊಡಿ.”

ನನ್ನ ಹತ್ತಿರ ಇದ್ದದ್ದು ವಿಶ್ವವಿದ್ಯಾಲಯದಲ್ಲಿ ಬರೆದುಕೊಂಡ ನೋಟ್ಸು, ಇಂಗ್ಲಿಷಿನದು. ತೆಗೆದುಕೊಂಡು ಹೋದರು. ಒಂದು ವಾರ ನನ್ನೊಡನೆ ಮಾತಿಲ್ಲ, ಡಿಕ್ಷನರಿ ಕಂಕುಳಲ್ಲಿ. ಒಂದೊಂದು ಸಲ ತಟ್ಟನೆ ಬಂದು ಒಂದೇ ಪ್ರಶ್ನೆ ಕೇಳಿ ಹೋಗುವರು. “ಸಮುದ್ರದ ನಡುವಿನ ಕಲ್ಲು ಎಳೆಯದು, ದಂಡೆಗೆ ಬಂದ ಹಾಗೆ ಹಳೆಯದು ಅಂತಿದೆ. ಅದನ್ನು ಇಳಿದು ನೋಡಿದವರು ಯಾರು?” ಹಡಗಿನಿಂದ ತಳಕ್ಕೆ ಕೊರೆದು ತೆಗೆದಿದ್ದಾರೆ ಎಂದೆ. “ವರ್ಷಕ್ಕೆ ಎಷ್ಟು ದೂರ ಹೋಗುತ್ತೆ?” ಉಗುರು ಬೆಳೆಯುವಷ್ಟು, ಅಥವಾ ಸ್ವಲ್ಪ ಹೆಚ್ಚು ಎಂದೆ. ತಮ್ಮ ಉಗುರುಗಳನ್ನು ನೋಡಿಕೊಂಡು ಹೋದರು.

ಮುಂದಿನ ಸೋಮವಾರ ಪಕ್ಕದ ಕ್ಲಾಸಿನಿಂದ, ಅರ್ಧಗೋಡೆಯ ಮೇಲಿಂದ, ಅವರ ದನಿ ಕೇಳಿತು. “ಮಕ್ಕಳೇ, ಹೋದ ವಾರ ನಾನು ಹೇಳಿದ್ದು ತಪ್ಪು. ಮೂವತ್ತು ವರ್ಷದಿಂದ ಹೇಳಿದ್ದೂ ತಪ್ಪು. ಪುಸ್ತಕ ತೆಗೀರಿ, ಆ ಪಾಠದ ಮೇಲೆ ಗೆರೆ ಹೊಡೀರಿ.” ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಿಂತುಹೋಯಿತು. ಮೇಷ್ಟ್ರೊಬ್ಬರು ಹೀಗೆ ಹೇಳುವುದನ್ನು ಅದುವರೆಗೆ ಎಲ್ಲೂ ಕೇಳಿರಲಿಲ್ಲ, ವಿಶ್ವವಿದ್ಯಾಲಯದಲ್ಲಿಯಂತೂ ಇಲ್ಲವೇ ಇಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೂ ಹೇಳಬೇಕೆಂದು ಹೊರಟರು. ಹಾಜರಿಗಳೆಲ್ಲ ತಲೆಯಲ್ಲೇ ಇದ್ದವಲ್ಲ. ಭಾನುವಾರ ಬಂತೆಂದರೆ ಛತ್ರಿ ಹಿಡಿದು ಬಸ್ ಸ್ಟ್ಯಾಂಡಿಗೆ. ಮೊದಮೊದಲು ತಮಾಷೆ ನೋಡಲೆಂದು ನಾನೂ ಜೊತೆಗೆ ಹೋದೆ. ಮಳವಳ್ಳಿಯ ಬಸ್ಸಿನ ಕಂಡಕ್ಟರು ಅವರ ಶಿಷ್ಯ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, “ಲೋ, ನಾನು ಹೇಳಿಕೊಟ್ಟಿದ್ದು ತಪ್ಪು ಕಣೋ. ಭೂಮಿ ಸುಕ್ಕುಗಟ್ಟಿಲ್ಲ. ಚಲಿಸ್ತಾ ಇದೆ” ಎಂದರು.

“ಆಯ್ತು ಸಾ, ಅದು ಚಲಿಸ್ಲಿ, ನೀವ್ ಒಸಿ ಒಳೀಕ್ ಚಲಿಸಿ. ಇಂದಿರೋರು ಅತ್ಬೇಕು.”

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ಒಳಗೆ ಸರಿದರು. ಆದರೆ ಮಳವಳ್ಳಿಯಲ್ಲಿ ಇಳಿಯುವಾಗ ಅವನ ಬಾಯಿಂದ ಪಾಠ ಒಪ್ಪಿಸಿಕೊಂಡೇ ಇಳಿದರು. ಮುತ್ತತ್ತಿಯಲ್ಲಿ ಹರಿಗೋಲು ಹಾಕುತ್ತಿದ್ದವನೊಬ್ಬ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ. ಅವನ ಹರಿಗೋಲಿನಲ್ಲೇ ಕೂತು ಹೇಳಿದರಂತೆ. ಅವನು ಎಲ್ಲ ಕೇಳಿಕೊಂಡು, “ಅಂಗಾರೆ ನಾವೂ ತೇಲ್ತಾ ಇದ್ದೀವಿ ಅನ್ನಿ. ಉಟ್ಟು ಆಕ್ತಿರೋರ್ ಯಾರು ಸಾ?” ಎಂದನಂತೆ. ಸೋಮವಾರ ಆ ಪ್ರಶ್ನೆ ನನ್ನ ಮುಂದೆ ಬಂತು: ಭೂಮಿಗೆ ಹುಟ್ಟು ಹಾಕುತ್ತಿರುವವರು ಯಾರು? ಒಳಗಿನ ಬಿಸಿ ಎಂದೆ. ಬಿಸಿ ಹೇಗೆ ತಳ್ಳುತ್ತದೆ ಎಂದರು. ಅದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ ಎಂದೆ. “ಹರಿಗೋಲಿನವನು ನಿಮ್ಮ ಮೇಷ್ಟ್ರುಗಳಿಗಿಂತ ಬುದ್ಧಿವಂತ ಕಣ್ರೀ” ಎಂದು ಬೆನ್ನು ತಟ್ಟಿದರು. ಅವರು ಸುಖವಾಗಿದ್ದರು. ಸುಳ್ಳೊಂದನ್ನು ಮನೆಮನೆಯಿಂದ ವಾಪಸು ತರುತ್ತಿದ್ದೇನೆ ಎಂಬ ಸುಖ.

ಒಂದು ವಿಷಯ ನಾನು ತಡವಾಗಿ ಗಮನಿಸಿದೆ. ಮಂಡ್ಯದ ದರ್ಜಿ, ಯಲಿಯೂರು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವನು, ಹೀಗೆ ದೂರ ದೂರದವರನ್ನೆಲ್ಲ ಹುಡುಕಿಕೊಂಡು ಹೋದರೂ, ತೀರ ಹತ್ತಿರದ ಸೋಮನಹಳ್ಳಿ ಕಡೆಗೆ ಮಾತ್ರ ಹೋಗಿರಲಿಲ್ಲ. ಕೇಳಿದರೆ, “ಆ ಕಡೆ ಒಬ್ಬನೇ ಇರೋದು. ಹೋಗೋಣ, ಹೋಗೋಣ” ಎನ್ನುತ್ತಿದ್ದರು. ಕೊನೆಗೊಂದು ಭಾನುವಾರ ಅವರೇ ಬಂದು, “ಇವತ್ತು ನೀವು ಬರಲೇಬೇಕು. ಅವನು ಏನಾದರೂ ಕೇಳಿದರೆ ತಪ್ಪಿಲ್ಲದೆ ಹೇಳಬೇಕು” ಎಂದರು. ಕಬ್ಬಿನ ಹೂವಿನ ದಿನವೋ ಟಾರಿನ ದಿನವೋ ಅದೇ.

ಸೋಮನಹಳ್ಳಿಯಲ್ಲಿ ಬಸ್ಸಿಳಿದು ಹೊಲಗಳ ನಡುವೆ ಎರಡು ಮೈಲಿ ನಡೆಯಬೇಕಿತ್ತು. ದಾರಿಯಲ್ಲಿ ಹೇಳಿದರು. ಒಂಬತ್ತನೇ ಕ್ಲಾಸು, ಹದಿನೇಳನೇ ನಂಬರು, ಬೋರೇಗೌಡ. ಹದಿನೆಂಟು ವರ್ಷದ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಖಂಡಗಳು ಹೇಗಾದವು ಎಂಬ ಪ್ರಶ್ನೆಗೆ ಆ ಹುಡುಗ ನಾಲ್ಕು ಸಾಲು ಬರೆದಿದ್ದ. ಆ ನಾಲ್ಕು ಸಾಲನ್ನೂ ಅವರು ಹಾಜರಿಯ ಹಾಗೆ ಒಪ್ಪಿಸಿದರು: ಆಫ್ರಿಕದ ದಂಡೆ ಮತ್ತು ಅಮೆರಿಕದ ದಂಡೆ ಒಂದು ರೊಟ್ಟಿಯನ್ನು ಮುರಿದ ಹಾಗೆ ಇವೆ. ಮೊದಲು ಒಂದೇ ಇದ್ದಿರಬೇಕು. ಆಮೇಲೆ ದೂರ ಹೋಗಿವೆ. ಇನ್ನೂ ಹೋಗುತ್ತಿರಬಹುದು.

“ಸೊನ್ನೆ ಕೊಟ್ಟೆ” ಎಂದರು. “ಕ್ಲಾಸಿನಲ್ಲಿ ಓದಿ ಹೇಳಿ ನಗಿಸಿದೆ. ರೊಟ್ಟಿ ಅಂತ ಹೆಸರು ಇಟ್ಟವನೂ ನಾನೇ. ಅವತ್ತೇ ಅವರಪ್ಪ ಬಂದಿದ್ದರು. ಇವನ ತಲೆಗೆ ವಿದ್ಯೆ ಹತ್ತಲ್ಲ, ಹೊಲಕ್ಕೆ ಹಾಕಿ ಅಂದೆ. ಆತ ಕೈಮುಗಿದು ಹುಡುಗನನ್ನು ಕರಕೊಂಡು ಹೋದರು.”

ಅವರು ಬಲಗೈ ಎತ್ತಿ ನೋಡಿಕೊಂಡರು. “ಮೂವತ್ತು ವರ್ಷ ಆ ಎರಡು ದಂಡೆಗಳನ್ನು ಈ ಕೈಯಲ್ಲಿ ಬರೆದಿದ್ದೀನಿ ಕಣ್ರೀ. ಒಂದು ದಿನ ನೋಡಲಿಲ್ಲ. ಆ ಹುಡುಗ ಒಂದು ಸಲ ನೋಡಿದ.”

ಬೋರೇಗೌಡ ಮನೆಯ ಮುಂದೆ ಎತ್ತಿಗೆ ಮೇವು ಹಾಕುತ್ತಿದ್ದ. ಮೂವತ್ತು ದಾಟಿದ ಆಳು, ನಡೆಯುವಾಗ ಸ್ವಲ್ಪ ಬಗ್ಗಿದಂತಿದ್ದ. ಮೇಷ್ಟ್ರನ್ನು ಕಂಡವನೇ ಹೆಗಲ ಮೇಲಿನ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿದ. “ಅಯ್ಯೋ ಬನ್ನಿ ಮೇಸ್ಟ್ರೇ” ಎಂದು ಜಗಲಿಯ ಮೇಲೆ ಚಾಪೆ ಹಾಸಿದ. ಒಳಗಿನಿಂದ ಬಂದ ಹೆಂಗಸು ಎರಡು ಚೊಂಬು ಮಜ್ಜಿಗೆ ಇಟ್ಟು ಹೋದರು. ಹಣೆ ಬರಿದಾಗಿತ್ತು. “ನಮ್ಮತ್ಗೆ” ಎಂದ ಬೋರೇಗೌಡ. “ಅಣ್ಣ ಓಗಿ ಮೂರ್ ವರ್ಸ ಆಯ್ತು.”

ಮೇಷ್ಟ್ರು ಮಜ್ಜಿಗೆ ಮುಟ್ಟದೆ ನೇರವಾಗಿ ಹೇಳಿಬಿಟ್ಟರು. ನೀನು ಬರೆದದ್ದು ಸರಿ, ನಾನು ಕೊಟ್ಟ ಸೊನ್ನೆ ತಪ್ಪು, ನಿಮ್ಮಪ್ಪನಿಗೆ ಹೇಳಿದ್ದೂ ತಪ್ಪು, ಕ್ಷಮಿಸು ಎಂದರು. ಬೋರೇಗೌಡ ಮೊದಲು ನಕ್ಕ. “ಓಗ್ಲಿ ಬುಡಿ ಸಾ, ಆಗ್ಲೇ ಎಷ್ಟ್ ವರ್ಸ ಆಯ್ತು. ಇಷ್ಟಕ್ ನಡ್ಕಂಡ್ ಬಂದ್ರಾ?” ಎಂದ. ಆಮೇಲೆ ನಗು ನಿಂತಿತು.

“ನಾನ್ ಬರ್ದಿದ್ದು ಸರಿಯಾ?”

“ಸರಿಯಪ್ಪ.”

“ಪೂರ್ತಿ ಸರಿಯಾ?”

ಮೇಷ್ಟ್ರು ನನ್ನ ಕಡೆ ತಿರುಗಿದರು. ದಂಡೆಗಳು ಹೊಂದುವುದಕ್ಕಿಂತ ನೀರೊಳಗಿನ ಖಂಡದ ಅಂಚುಗಳು ಹೆಚ್ಚು ಹೊಂದುತ್ತವೆ ಎಂಬ ತಿದ್ದುಪಡಿ ನನ್ನ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. “ಪೂರ್ತಿ ಸರಿ” ಎಂದೆ.

ಅವನು ಎದ್ದು ನಿಂತ. ಮುಖ ನೋಡಲಾಗದ ಹಾಗಾಗಿತ್ತು. ಸಂತೋಷವಲ್ಲ, ಕೋಪವೂ ಅಲ್ಲ. ಒಳಬಾಗಿಲ ಕಡೆ ಒಂದು ಸಲ ನೋಡಿ, “ಬನ್ನಿ” ಎಂದ.

ಮನೆಯ ಹಿಂದೆ ಒಂದು ಹೊಲ ದಾಟಿದರೆ ಬಾವಿ. ಬಾವಿಯೆಂದರೆ ಒಂದು ದೊಡ್ಡ ಹಳ್ಳ ಅಷ್ಟೆ. ಒಂದು ಬದಿಯ ಕಲ್ಲುಕಟ್ಟಡವೆಲ್ಲ ಮಣ್ಣಿನೊಡನೆ ಒಳಗೆ ಕುಸಿದು, ಮೇಲೆ ಎಕ್ಕದ ಗಿಡ ಬೆಳೆದಿತ್ತು.

“ಅಣ್ಣ ಇದ್ರೊಳ್ಗೆ ಓದ” ಎಂದ. “ತಳದ್ ಊಳುಮಣ್ಣು ಎತ್ತಾಕ್ ಇಳ್ದಿದ್ದ. ಕಟ್ಟಡ ಮ್ಯಾಲ್ ಬಿತ್ತು.”

ಮೇಷ್ಟ್ರು ತಲೆಯಾಡಿಸಿದರು. ಅವರಿಗೂ ನನಗೂ ಇನ್ನೂ ಏನೂ ಹೊಳೆದಿರಲಿಲ್ಲ.

“ಇಲ್ಲಿ, ದಡದ್ ಮ್ಯಾಲೆ, ನೆಲ ಬಿರುಕ್ ಬುಟ್ಟಿತ್ತು ಮೇಸ್ಟ್ರೇ.” ನೆಲಕ್ಕೆ ಬಗ್ಗಿ, ಬೆರಳಿನಿಂದ ಒಂದು ಕಮಾನು ಗೆರೆ ಎಳೆದು ತೋರಿಸಿದ. “ಯಾರ್ಗೂ ಕಾಣ್ತಿರ್ನಿಲ್ಲ. ನಂಗ್ ಕಂಡಿತ್ತು. ಆ ಅಂಚು ಈ ಅಂಚು ನೋಡಿದ್ರೆ ಒಂದೇ, ರೊಟ್ಟಿ ಮುರ್ದಂಗೆ. ದೂರ ಓಯ್ತಾದೆ ಅಂತ ಅನ್ನುಸ್ತು. ಎರಡ್ ಕಡೀಕೂ ಸುಣ್ಣದ್ ಬೊಟ್ಟು ಇಕ್ದೆ. ಬೊಟ್ಟಿಂದ ಬೊಟ್ಟಿಗೆ ಮೊದ್ಲು ಒಂದ್ ಬೆರಳು ಇತ್ತು. ಅಮಾಸೆ ಒಳ್ಗೆ ಒಂದೂವರೆ ಆಯ್ತು. ಮಾರ್ನೆ ವಾರ ಎರಡು.”

“ಅಣ್ಣಂಗೆ ಹೇಳಲಿಲ್ವೇನಪ್ಪ?” ಎಂದರು ಮೇಷ್ಟ್ರು.

“ಏಂಗ್ ಏಳ್ಲಿ? ನೆಲ ದೂರ ಓಯ್ತದೆ ಅಂತ ಒಂದ್ಸಲ ಏಳಿ ಊರೆಲ್ಲ ನಗುಸ್ಕಂಡಿದ್ನಲ್ಲ. ರೊಟ್ಟಿ ಅಂತ್ಲೇ ಕರ್ದ್ರು ಅಲ್ಲಿಂದೀಚ್ಗೆ. ನನ್ ಕಣ್ಗೆ ಕಾಣೋದು ತಪ್ಪು ಅಂತ ಮೇಸ್ಟ್ರೇ ಏಳವ್ರೆ, ಇದೂ ಅಂಗೇ ಇರ್ಬೇಕು ಅನ್ಕಂಡೆ. ಮೂರ್ ವರ್ಸ ಅಂಗೇ ಅನ್ಕಂಡೇ ಇದ್ದೆ ಕಣ್ರಿ. ಕಟ್ಟಡ ಅದರಷ್ಟಕ್ ಅದು ಬಿತ್ತು, ನನ್ ಬೊಟ್ಟಿಗೂ ಅದ್ಕೂ ಸಂಬಂದ ಇಲ್ಲ, ನಾನು ದಡ್ಡ ಅಂತ. ಅಂಗ್ ಅನ್ಕಂಡ್ರೆ ಉಣ್ಣಕ್ ಆಯ್ತಿತ್ತು, ಮಲಗಕ್ ಆಯ್ತಿತ್ತು. ಈಗ ನೀವ್ ಬಂದು ಸರಿ ಇತ್ತು ಅಂತೀರಿ.”

ಮೇಷ್ಟ್ರು ಇದ್ದಲ್ಲೇ ಕುಕ್ಕರಿಸಿದರು. ಛತ್ರಿ ಕೈಯಿಂದ ಜಾರಿ ಎಕ್ಕದ ಗಿಡಕ್ಕೆ ಒರಗಿ ನಿಂತಿತು. ಒಂದು ಸೊನ್ನೆಗೆ ಕ್ಷಮೆ ಕೇಳಲು ಬಂದವರ ಮುಂದೆ ಒಂದು ಹೆಣವಿತ್ತು. ಅದನ್ನು ತಂದಿಟ್ಟವನು ನಾನು, ನನ್ನ ನೋಟ್ಸು. ನಿಜವೆಂಬುದು ಯಾರಿಗೂ ಕೆಡುಕು ಮಾಡದು ಎಂದು ನಾನು ಎಲ್ಲಿ ಓದಿದ್ದೆನೋ, ಯಾರು ಹೇಳಿದ್ದರೋ, ಪ್ರಶ್ನೆ ಮಾಡದೆ ನಂಬಿದ್ದ ಒಂದೇ ಮಾತು ಅದು.

“ಅತ್ಗೆಗೆ ಗೊತ್ತಿಲ್ಲ” ಎಂದ ಬೋರೇಗೌಡ. “ನಾನ್ ಬೊಟ್ಟು ಇಕ್ಕಿದ್ದು, ನೋಡ್ತಿದ್ದಿದ್ದು, ಯಾವ್ದೂ ಗೊತ್ತಿಲ್ಲ. ಏಳ್ಬ್ಯಾಡಿ ಮೇಸ್ಟ್ರೇ. ನಿಮ್ ಕಾಲ್ ಇಡ್ಕತೀನಿ.”

ಮನೆಗೆ ವಾಪಸು ಬಂದಾಗ ಆಕೆ ಮಜ್ಜಿಗೆಯ ಚೊಂಬುಗಳನ್ನು ನೋಡಿ, “ಇದೇನ್ ಸಾಮಿ, ಮುಟ್ಟೇ ಇಲ್ವಲ್ಲ. ಬಿಸ್ಲಲ್ಲಿ ಇಷ್ಟ್ ದೂರ ಬಂದಿದ್ದೀರಿ, ಏನ್ ಇಸ್ಯ?” ಎಂದು ಕೇಳಿದರು. ಓಡುವ ಬಸ್ಸಿನಲ್ಲಿ ನಿಂತು ತಪ್ಪೊಪ್ಪಿಕೊಂಡ ಮನುಷ್ಯ ಏನು ಹೇಳುವರೋ ಎಂದು ಅವರ ಕಡೆ ನೋಡಿದೆ. ಮೇಷ್ಟ್ರು ಚೊಂಬು ಎತ್ತಿಕೊಂಡು ಪೂರ್ತಿ ಕುಡಿದರು. “ಏನಿಲ್ಲ ಕಣಮ್ಮ. ಈ ಕಡೆ ಬಂದಿದ್ವಿ. ಹುಡುಗನ್ನ ನೋಡಿಹೋಗೋಣ ಅಂತ” ಎಂದರು.

ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಹನ್ನೊಂದರ ತನಕ ಕಾದೆ. ಅವರು ಬರಲಿಲ್ಲ. ಇನ್ನೂ ನೂರಾರು ಹೆಸರು ಉಳಿದಿದ್ದವು. ಆ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ತರಗತಿಗೆ ಬಂದು ಹಾಜರಿ ಕೂಗುವಾಗ ಹದಿನೇಳನೇ ನಂಬರಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು ಎಂದು ನನ್ನ ನೆನಪು. ಇದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು.

ಎರಡು ಮೂರು ವಾರದ ಮೇಲೆ, ಒಂದು ವಾರದ ದಿನ, ಎರಡನೇ ಪೀರಿಯಡ್ ಮುಗಿದು ನಾನು ಹೊರಗೆ ಬಂದಾಗ ಬೋರೇಗೌಡ ವರಾಂಡದಲ್ಲಿ ನಿಂತಿದ್ದ. ಒಗೆದ ಅಂಗಿ ಹಾಕಿದ್ದ. ಮೇಷ್ಟ್ರು ಕ್ಲಾಸಿನಿಂದ ಹೊರಬಂದು ಅವನನ್ನು ಕಂಡು ಬಾಗಿಲಲ್ಲೇ ನಿಂತರು.

“ಅತ್ಗೆಗೆ ಏಳ್ಬುಟ್ಟೆ ಮೇಸ್ಟ್ರೇ” ಎಂದ.

“ಯಾಕಪ್ಪಾ? ಬೇಡ ಅಂದಿದ್ದೆಯಲ್ಲ.”

“ನನ್ ಕಣ್ಣು ಸರಿ ಅಂದ್ರಲ್ಲ ನೀವು. ಸರಿ ಅಂತ ಗೊತ್ತಾದ್ ಮ್ಯಾಲೆ ಆಯಮ್ಮನ ಮುಂದೆ ಕುಂತು ಉಣ್ಣಕ್ ಆಗ್ನಿಲ್ಲ.”

“ಏನಂದರು?”

“ಏನೂ ಅನ್ನಿಲ್ಲ. ಒತ್ತೊತ್ಗೆ ಮುದ್ದೆ ಇಕ್ತಾರೆ, ನೀರ್ ಕೊಡ್ತಾರೆ. ಮಾತ್ ಆಡಕಿಲ್ಲ. ಅನ್ನೊಂದ್ ದಿನ ಆಯ್ತು. ಮುಂದಕ್ ಏನ್ ಮಾಡ್ಲಿ? ಅದ್ನ ಕೇಳಾನ ಅಂತ ಬಂದೆ.”

ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು. ಏನೇ ಕೇಳಿದರೂ ಆ ಶಾಲೆಯಲ್ಲಿ ಅವರ ಹತ್ತಿರ ಒಂದು ಉತ್ತರ ಇರುತ್ತಿತ್ತು, ಸರಿಯೋ ತಪ್ಪೋ.

“ನನಗೆ ಗೊತ್ತಿಲ್ಲಪ್ಪ” ಎಂದರು.

ಬೋರೇಗೌಡ ತಲೆಯಾಡಿಸಿದ. ವರಾಂಡದ ಮೆಟ್ಟಿಲ ಮೇಲೆ ಕೂತ. ಮೇಷ್ಟ್ರೂ ಕೋಟಿನ ತುದಿ ಎತ್ತಿಕೊಂಡು, ಅವನ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತರು. ಗಂಟೆ ಹೊಡೆಯಿತು. ಅವರು ಹೋಗಬೇಕಾದ ಒಂಬತ್ತನೇ ಕ್ಲಾಸಿನ ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ನಾನು ಹೋಗಿ ಅವರ ಬದಲು ಪಾಠ ಮಾಡಿದೆ. ಮುಗಿಸಿ ಹೊರಗೆ ಬಂದಾಗಲೂ ಇಬ್ಬರೂ ಅಲ್ಲೇ ಕೂತಿದ್ದರು. ಸೋಮನಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು.